ಪ್ಯಾನೆಲ್ ಮುಂದೆ ಹರಿದ ತಾಳಿ

ವಿದ್ಯುತ್ ತಂತಿ ಹಾಯುವ ಮುಕ್ಕಾಲು ಇಂಚಿನ ಉಕ್ಕಿನ ಕೊಳವೆಯನ್ನು ತೊಂಬತ್ತು ಡಿಗ್ರಿಗೆ ಬಗ್ಗಿಸುವಾಗ ತೋಳಿನ ಬಲಕ್ಕಿಂತ ಪಾದದ ಭಾರ ದೊಡ್ಡದು. ಬೆಂಡರ್ ಎಂಬ ಉದ್ದ ಹಿಡಿಯ ಸಾಧನದ ಬಾಯಿಗೆ ಕೊಳವೆಯನ್ನು ಸಿಕ್ಕಿಸಿ, ಹಿಮ್ಮಡಿಯಿಂದ ಒತ್ತಿ, ಹಿಡಿಯನ್ನು ಒಂದೇ ಎಳೆತದಲ್ಲಿ ಎದೆಯ ಕಡೆಗೆ ತರಬೇಕು. ನಡುವೆ ಅನುಮಾನಿಸಿ ನಿಂತರೆ ಕೊಳವೆ ನೆಗ್ಗಿಹೋಗುತ್ತದೆ. ಅಮೆರಿಕದ ಷಾರ್ಲೆಟ್‌ನ ಒಂದು ಕಮ್ಯೂನಿಟಿ ಕಾಲೇಜಿನ ಹಿಂಬದಿಯ ಶೆಡ್ಡಿನಲ್ಲಿ ಸಂಜೆ ಹೊತ್ತು ಈ ಕೆಲಸ ಕಲಿಯುತ್ತಿದ್ದ ಹೆಂಗಸರಲ್ಲಿ, ಮೊದಲ ವಾರವೇ ನೆಗ್ಗದ ಬಾಗನ್ನು ತೆಗೆದವರು ಇಬ್ಬರು. ಒಬ್ಬಳು ಗದಗಿನಿಂದ ಬಂದವಳು. ಇನ್ನೊಬ್ಬಳು ಷಾರ್ಲೆಟ್ಟಿನದೇ ಪಶ್ಚಿಮ ಭಾಗದ ಕಪ್ಪುವರ್ಣೀಯಳು, ಶಾಲಾ ಬಸ್ಸಿನ ಚಾಲಕಿ. ಇಬ್ಬರೂ ಒಂದೇ ಬೆಂಚಿನಲ್ಲಿ ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ನಾನು ಹಿಂದೆ ಒಂದು ಸ್ಟೂಲಿನ ಮೇಲೆ ಕುಳಿತು, ಗದಗಿನವಳಿಗಾಗಿ ಬೋಧಕನ ಮಾತನ್ನು ಕನ್ನಡಕ್ಕೆ ತರುತ್ತಿದ್ದೆ.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ವಿದ್ಯುತ್ ಕೆಲಸ, ಕೊಳಾಯಿ ಕೆಲಸ, ತಗಡಿನ ಕೆಲಸ ಎಲ್ಲವೂ ಆ ಸೀಮೆಯಲ್ಲಿ ಬಿಳಿಯ ಗಂಡಸರ ಮನೆತನದ ಆಸ್ತಿಯಂತೆ ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಸಾಗುತ್ತಿದ್ದವು. ವಲಸೆ ಬಂದ ಹೆಂಗಸರಿಗೂ ಕಪ್ಪುವರ್ಣೀಯ ಹೆಂಗಸರಿಗೂ ಉಳಿಯುತ್ತಿದ್ದುದು ಹೋಟೆಲಿನ ಹಾಸಿಗೆ, ಆಸ್ಪತ್ರೆಯ ನೆಲ, ಇಲ್ಲವೇ ಇನ್ನೊಬ್ಬರ ಮಕ್ಕಳು. ಈ ಅನ್ಯಾಯವನ್ನು ಮುರಿಯಲೆಂದೇ ಹುಟ್ಟಿದ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಸಂಯೋಜಕಿ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಹೆಂಗಸರ ಅಳತೆಯ ಸುರಕ್ಷಾ ಬೂಟು ಯಾವ ಅಂಗಡಿಯಲ್ಲೂ ಸಿಗದೆ ಹುಡುಗರ ವಿಭಾಗದಲ್ಲಿ ಹುಡುಕುವುದು, ಗುತ್ತಿಗೆದಾರರ ಬಾಗಿಲು ತಟ್ಟುವುದು, ತರಗತಿ ಮುಗಿದ ಮೇಲೆ ಬಸ್ ತಪ್ಪಿದವರನ್ನು ಮನೆಗೆ ಬಿಡುವುದು.

ನಮ್ಮ ಕನ್ನಡದವರಲ್ಲಿ ಇದಕ್ಕೆ ಬೆಲೆಯಿರಲಿಲ್ಲ. ಒಂದು ಭಾನುವಾರ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದವರೊಬ್ಬರ ಮನೆಯ ಊಟಕ್ಕೆ ಗದಗಿನವಳನ್ನೂ ಕರೆದುಕೊಂಡು ಹೋಗಿದ್ದೆ. ಮನೆಯ ಹಿರಿಯ ಹೆಂಗಸು ಅವಳ ಕೆಲಸ ಕೇಳಿ, ನನ್ನನ್ನು ಅಡುಗೆಮನೆಗೆ ಕರೆದರು.

"ಎಲೆಕ್ಟ್ರಿಷಿಯನ್ನಾ? ಅಯ್ಯೋ, ಯಾಕೇ? ಒಂದು ಕಂಪ್ಯೂಟರ್ ಕೋರ್ಸ್‌ಗೆ ಅಪ್ಲೈ ಮಾಡ್ಸು. ನೀಟಾಗಿ ಏಸೀಲಿ ಕೂತ್ಕೊಂಡು ಕೆಲಸ ಮಾಡ್ಲಿ."

"ಆ ಏಸಿಗೆ ವೈರ್ ಎಳೆಯೋರು ಯಾರು ಆಂಟಿ?"

"ನೋಡು, ಶುರು ಆಯ್ತು ಇವಳ ಭಾಷಣ. ಮೊದಲು ಈ ಹಪ್ಪಳದ ಡಬ್ಬಿ ತೆಗೆದುಕೊಡು."

ಕೈಯಿಂದ ಕೆಲಸ ಮಾಡುವವರನ್ನು ಕೀಳಾಗಿ ಕಾಣುವ ಜಾತಿಯ ಚಟ ಸಮುದ್ರ ದಾಟಿದರೂ ಬಿಡುವುದಿಲ್ಲವೆಂದು ಹಿಂದಿರುಗುವ ದಾರಿಯುದ್ದಕ್ಕೂ ನಾನು ಗದಗಿನವಳಿಗೆ ವಿವರಿಸಿದೆ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. "ಊಟ ಛಲೋ ಇತ್ರಿ ಅಕ್ಕಾರ" ಎಂದಳು.

ಆಕೆಯ ತಂದೆಗೆ ಗದಗಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿಯಿತ್ತು; ಆಕೆ ಅಲ್ಲಿ ಕೈ ಕಲಿತವಳು. ಮೈದುನನ ಅರ್ಜಿಯ ಮೇಲೆ ಕುಟುಂಬಕ್ಕೆ ಅಮೆರಿಕದಲ್ಲಿ ನೆಲೆಸಲು ಗ್ರೀನ್ ಕಾರ್ಡ್ ಸಿಕ್ಕು ಬಂದಿದ್ದರು. ಗಂಡ ಪಕ್ಕದ ಊರು ಗ್ಯಾಸ್ಟೋನಿಯಾದ ನೂಲಿನ ಗಿರಣಿಯಲ್ಲಿ. ಆ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ತನ್ನ ಕೈಯಲ್ಲಿ ಒಂದು ಕಸುಬು, ಆ ಕಸುಬಿಗೊಂದು ಪರವಾನಗಿ ಇರಬೇಕೆಂಬುದು ಆಕೆಯ ಹಟ.

ತರಗತಿಯ ಒಂದು ಸಂಜೆಯನ್ನು ಇಲ್ಲಿ ಹೇಳಲೇಬೇಕು. ಬೋಧಕ, ಕೆಲಸದಿಂದ ನಿವೃತ್ತನಾದ ಮುದುಕ, ಸುರಕ್ಷತೆಯ ಪಾಠ ಮಾಡುತ್ತಿದ್ದ. ಉಂಗುರ, ಗಡಿಯಾರ, ಬಳೆ, ಓಲೆ, ಲೋಹದ ಯಾವುದೂ ಮೈಮೇಲೆ ಇರಕೂಡದು ಎಂದ. ನಾನು ಕನ್ನಡದಲ್ಲಿ ಒಡವೆ ಎಲ್ಲ ತೆಗೆದಿಡಬೇಕು ಎಂದೆ. ಗದಗಿನವಳು ಬಳೆ ತೆಗೆದಳು, ಓಲೆ ತೆಗೆದಳು, ಮೂಗುಬೊಟ್ಟನ್ನೂ ತೆಗೆದು ಕರವಸ್ತ್ರದಲ್ಲಿ ಕಟ್ಟಿದಳು. ತಾಳಿ ಮಾತ್ರ ಅಂಗಿಯೊಳಗೆ ಉಳಿಯಿತು. ನಮ್ಮಲ್ಲಿ ಯಾರೂ ಅದನ್ನು ಒಡವೆಗಳ ಸಾಲಿನಲ್ಲಿ ಇಡುವುದಿಲ್ಲ. ಆಕೆಯ ಕೈ ಅತ್ತ ಹೋಗಲೇ ಇಲ್ಲ.

ಬಸ್ ಚಾಲಕಿ ಅದನ್ನು ಕಂಡಳು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು: "ಕೊರಳಲ್ಲಿರುವ ಆ ಸರ? ಅದೂ ಚಿನ್ನವೇ ಅಲ್ಲವೇ?"

"ಅದು ಮದುವೆಯ ಗುರುತು. ಅವರಿಗೆ ಪವಿತ್ರ. ಅದರ ಬಗ್ಗೆ ಕೇಳುವುದು ಬೇಡ" ಎಂದೆ.

ನಾನು ತಾಳಿ ಕಟ್ಟಿಸಿಕೊಳ್ಳದೆ ಮದುವೆಯಾದವಳು. ಹೆಣ್ಣಿನ ಕೊರಳಿಗೆ ಬಿಗಿದ ಹಗ್ಗವದು ಎಂದು ಮೈಸೂರಿನ ಸಭೆಗಳಲ್ಲಿ ಮಾತನಾಡಿದವಳು. ಅಮೆರಿಕದಲ್ಲಿ ಇನ್ನೊಂದು ಪಾಠ ಕಲಿತಿದ್ದೆ: ಇನ್ನೊಬ್ಬರ ಸಂಸ್ಕೃತಿಯ ಮೇಲೆ ತೀರ್ಪು ಕೊಡಬಾರದು. ನನ್ನ ತಿರಸ್ಕಾರ ಹೊರಬಿದ್ದೀತೆಂಬ ಅಳುಕೂ ಈ ಪಾಠವೂ ಸೇರಿ ಆ ಸಂಜೆ ನನ್ನ ಬಾಯಿಯಿಂದ ಆ ಉತ್ತರವನ್ನು ಹೊರಡಿಸಿದವು. ಚಾಲಕಿಯ ಪ್ರಶ್ನೆಯನ್ನು ಗದಗಿನವಳಿಗೆ ನಾನು ಕನ್ನಡಿಸಲೂ ಇಲ್ಲ.

ಊರಿನ ದಕ್ಷಿಣದಂಚಿನ ಬ್ಯಾಲಂಟೈನ್‌ನಲ್ಲಿ ಆಗ ಹುಲ್ಲುಗಾವಲನ್ನು ಅಗೆದು ಕಚೇರಿಗಳನ್ನು ಎಬ್ಬಿಸುತ್ತಿದ್ದರು. ಕೆಂಪು ಜೇಡಿಮಣ್ಣು ದಾರಿಯ ಡಾಂಬರಿನವರೆಗೂ ಹರಿದು ಬರುತ್ತಿತ್ತು. ಅಲ್ಲಿನ ಒಂದು ಕಟ್ಟಡದ ವಿದ್ಯುತ್ ಗುತ್ತಿಗೆದಾರ ನಮ್ಮ ಒತ್ತಾಯಕ್ಕೆ ಕೊನೆಗೂ ಮಣಿದ. "ಮೊದಲು ಒಬ್ಬಳನ್ನು ತೆಗೆದುಕೊಳ್ಳುತ್ತೇನೆ. ಪರೀಕ್ಷಾ ಅವಧಿ ಮುಗಿಸಿದರೆ ಅಪ್ರೆಂಟಿಸ್ ಎಂದು ನೋಂದಾಯಿಸುತ್ತೇನೆ. ಆಕೆ ಉಳಿದುಕೊಂಡರೆ ಇನ್ನಷ್ಟು ಜನರನ್ನು ಕಳಿಸಿ" ಎಂದ. ಗದಗಿನವಳು ಮೊದಲು ಹೋದಳು. ಸರದಿಯಲ್ಲಿ ಮುಂದಿನವಳು ಬಸ್ ಚಾಲಕಿ.

ಮೊದಲ ದಿನಗಳಲ್ಲಿ ಆಕೆಗೆ ಸಿಕ್ಕಿದ್ದು ಪೊರಕೆ, ಕೊಳವೆಯ ಕಟ್ಟು ಹೊರುವುದು, ಎಲ್ಲರಿಗೂ ಕಾಫಿ ತರಲು ಓಡುವುದು. ಇಡೀ ಸೈಟಿಗೆ ಇದ್ದ ಒಂದೇ ಪ್ಲಾಸ್ಟಿಕ್ ಶೌಚಾಲಯದ ಬಾಗಿಲಿನ ಮೇಲೆ ಬರೆದಿದ್ದನ್ನು ಆಕೆ ನನಗೆ ಹೇಳಲೊಪ್ಪಲಿಲ್ಲ. ಗಂಡಸರ ಅಳತೆಯ ಕೈಗವಸುಗಳೊಳಗೆ ಬೆರಳುಗಳು ಈಜುತ್ತಿದ್ದವು. ಇವೆಲ್ಲವನ್ನೂ ನಾನು ಗುತ್ತಿಗೆದಾರನಿಗೆ ಬರೆದು ತಿಳಿಸಿದೆ. ಶೌಚಾಲಯಕ್ಕೊಂದು ಬೀಗ ಬಂತು, ಉಳಿದದ್ದು ಬರಲಿಲ್ಲ. ಆಕೆಯ ಕೈಗೆ ಉಪಕರಣ ಕೊಟ್ಟವನೆಂದರೆ ಆ ಕಂಪನಿಯ ಮೊದಲ ಕಪ್ಪುವರ್ಣೀಯ ಫೋರ್‌ಮನ್. ಒರಟ. ಆಕೆಯ ಊಟದ ಡಬ್ಬಿಯ ವಾಸನೆಗೆ ಮೂಗು ಮುಚ್ಚಿಕೊಂಡವನು ಅವನೇ. ಕೊಳವೆಗೆ ತಂತಿ ತಳ್ಳುವಾಗ ಕೈಯನ್ನು ಎಲ್ಲಿಡಬೇಕೆಂದು ತೋರಿಸಿದವನೂ ಅವನೇ.

ಪರೀಕ್ಷಾ ಅವಧಿ ಮುಗಿಯುವ ಹೊತ್ತಿಗೆ ಸರಿಯಾಗಿ, ಒಂದು ಮಧ್ಯಾಹ್ನ, ಆಕೆ ಸೈಟಿನ ಕಚೇರಿಯಿಂದ ನನಗೆ ಫೋನ್ ಮಾಡಿದಳು.

"ಅಕ್ಕಾರ, ಅಂವ ನನ್ನ ತಾಳಿ ಹರದಾನ್ರಿ. ನೀವು ಬರ್ರಿ."

ನಾನು ಹೋದಾಗ ಆಕೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಮುಷ್ಟಿಯಲ್ಲಿ ತುಂಡಾದ ಸರ, ಕೊರಳ ಹಿಂದೆ ಕೆಂಪು ಗೆರೆ. ಎಷ್ಟು ಕೇಳಿದರೂ ಆಕೆಯ ಬಾಯಿಂದ ಬಂದದ್ದು ಇಷ್ಟು: ಪ್ಯಾನೆಲ್ ಮುಂದೆ ಬಗ್ಗಿ ತಂತಿ ಹಿಡಿದುಕೊಳ್ಳುತ್ತಿದ್ದೆ, ಫೋರ್‌ಮನ್ ಹಿಂದಿನಿಂದ ಬಂದು ಕೊರಳಪಟ್ಟಿ ಹಿಡಿದು ಎಳೆದ, ತಾಳಿ ಹರಿಯಿತು. ಪ್ಯಾನೆಲ್ ಎಂದರೆ ಕಟ್ಟಡಕ್ಕೆ ಬರುವ ವಿದ್ಯುತ್ತನ್ನು ಮಹಡಿಗಳಿಗೆ ಹಂಚುವ ಕಬ್ಬಿಣದ ಪೆಟ್ಟಿಗೆ. ಕೆಲಸ ನಡೆಯುವಾಗ ಅದರ ಮುಚ್ಚಳ ತೆಗೆದಿರುತ್ತದೆ.

ಆಕೆಯನ್ನು ನೇರವಾಗಿ ನಮ್ಮ ಕಚೇರಿಗೆ ಕರೆತಂದೆ. ನಮ್ಮ ನಿರ್ದೇಶಕಿ, ನಾಗರಿಕ ಹಕ್ಕುಗಳ ಹೋರಾಟದಲ್ಲಿ ಬೆಳೆದ ಬಿಳಿಯ ಹೆಂಗಸು, ನಾನು ಅನುವಾದಿಸಿದಂತೆ ಬರೆದುಕೊಂಡಳು. ಸಂಜೆಯೊಳಗೆ ದೂರಿನ ಕರಡು ಸಿದ್ಧವಾಯಿತು: ಮೇಲ್ವಿಚಾರಕನೊಬ್ಬ ಹಿಂದಿನಿಂದ ಬಂದು ತರಬೇತಿಯಲ್ಲಿದ್ದ ಮಹಿಳೆಯ ಮೈಮೇಲೆ ಕೈ ಹಾಕಿ ಆಕೆಯ ಧಾರ್ಮಿಕ ಲಾಂಛನವನ್ನು ಕಿತ್ತಿದ್ದಾನೆ. ಒಂದು ಪ್ರತಿ ಗುತ್ತಿಗೆದಾರನಿಗೆ, ಇನ್ನೊಂದು ಉದ್ಯೋಗದಲ್ಲಿನ ತಾರತಮ್ಯದ ದೂರು ಕೇಳುವ ಸರ್ಕಾರಿ ಕಚೇರಿಗೆ. ಕೆಳಗೆ ಅನುವಾದಕಿಯಾಗಿ ನಾನು ಸಹಿ ಹಾಕಬೇಕಿತ್ತು.

ಪ್ರತಿಯೊಂದು ಪದವೂ ನಾನೇ ಕೊಟ್ಟದ್ದು, ಪ್ರತಿಯೊಂದೂ ಸರಿಯಾದದ್ದು. ಆದರೂ ಆ ವಾಕ್ಯವನ್ನು ಮತ್ತೆ ಓದಿ ಪೆನ್ನಿನ ಮುಚ್ಚಳ ಹಾಕಿದೆ. ಕಪ್ಪುವರ್ಣೀಯ ಗಂಡಸೊಬ್ಬ ಹೆಂಗಸಿನ ಮೈಮೇಲೆ ಕೈ ಹಾಕಿದ ಎಂಬ ಮಾತಿನ ಬೆನ್ನಿಗೆ ಆ ನೆಲದಲ್ಲಿ ಬಿಳಿಯರ ಗುಂಪುಗಳು ಎಷ್ಟು ಜನರನ್ನು ಮರಗಳಿಗೆ ನೇಣು ಹಾಕಿವೆ ಎಂಬುದನ್ನು ನಾನೇ ತರಗತಿಗಳಲ್ಲಿ ಹೇಳುತ್ತಿದ್ದೆ. ನಾಳೆ ಸಹಿ ಹಾಕುತ್ತೇನೆ ಎಂದೆ. ನಿರ್ದೇಶಕಿ ಫೋನಿನಲ್ಲಿ ದೂರಿನ ಸಾರ ಹೇಳಿದ ಮೇಲೆ ಗುತ್ತಿಗೆದಾರ ಶುಕ್ರವಾರಕ್ಕೆ ಸಭೆ ಕರೆದ. ಅಲ್ಲಿಯವರೆಗೆ ಗದಗಿನವಳು ಮನೆಯಲ್ಲಿ. ಫೋರ್‌ಮನ್ ಕಂಪನಿಯ ಉಗ್ರಾಣದಲ್ಲಿ.

ಮರುದಿನ ಸಂಜೆ ಆಕೆಯ ಮನೆಗೆ ಹೋದೆ. ಊರಿನ ಪೂರ್ವದಲ್ಲಿ, ಎರಡನೆಯ ಮಹಡಿಯ ಅಪಾರ್ಟ್‌ಮೆಂಟ್. ಬಾಗಿಲು ತೆಗೆದವರು ಅತ್ತೆ. ಗಂಡ ಪಾಳಿಗೆ ಹೋಗಿದ್ದ.

"ತಾಳಿ ಹರಿದದ್ದು ಕೇಳಿ ತುಂಬಾ ಬೇಜಾರಾಯ್ತಮ್ಮ" ಎಂದೆ.

"ಹರೀತು ಅನ್ನಬ್ಯಾಡ್ರಿ. ಹೆಚ್ಚಿತು ಅನ್ರಿ" ಎಂದು ಅತ್ತೆ ಅಪಶಕುನದ ಮಾತನ್ನು ತಿದ್ದಿದರು. ಆಮೇಲೆ ನನ್ನ ಕೊರಳನ್ನು ಒಂದು ಸಲ ನೋಡಿದರು. "ನಿಮ್ಮದು ಎಲ್ಲೈತ್ರಿ?"

"ನಾನು ಹಾಕೋದಿಲ್ಲ."

"ಅದಕ್ಕ ನಿಮಗಿಷ್ಟು ಧೈರ್ಯ. ಕಡದ ಹೋಗಾಕ ಏನೂ ಇಲ್ಲಲ್ಲ."

"ಅತ್ತೀ, ಚಾ ಇಡ್ರಿ" ಎಂದು ಸೊಸೆ ಅವರನ್ನು ಒಳಗೆ ಕಳಿಸಿದಳು. ಆಕೆಯ ಕೊರಳಲ್ಲಿ ಅರಿಸಿನ ಹಚ್ಚಿದ ದಾರ, ಅದರಲ್ಲೊಂದು ಅರಿಸಿನದ ಕೊಂಬು. ತಾಳಿ ಅಕ್ಕಸಾಲಿಗನ ಕೈಯಲ್ಲಿರುವಾಗ ಕೊರಳು ಬರಿದಾಗಿರಬಾರದೆಂದು ನಮ್ಮ ಹೆಂಗಸರು ಕಟ್ಟಿಕೊಳ್ಳುವುದು ಅದೇ. ಘಟನೆಯಾದ ಸಂಜೆಯೇ ಅತ್ತೆ ಕಟ್ಟಿಸಿದ್ದರು.

ಮಾತನಾಡಲು ಆಕೆ ನನ್ನನ್ನು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋದಳು.

"ಅಕ್ಕಾರ, ನಿಮಗೊಂದು ಮಾತು ಹೇಳಬೇಕ್ರಿ. ಅಂವ ಬ್ಯಾರೆ ಏನೂ ಮಾಡಿಲ್ಲ. ನಾ ಬಗ್ಗಿದಾಗ ಸರ ಅಂಗಿಯಿಂದ ಹೊರಗ ಬಂದು ಜೋಲಾಡಾಕತ್ತಿತ್ತು. ಪ್ಯಾನೆಲ್ ಒಳಗಿನ ತಾಮ್ರದ ಪಟ್ಟಿಯೊಳಗ ಕರೆಂಟಿತ್ತು. ಸರಕ್ಕೂ ಪಟ್ಟಿಗೂ ನಡುವ ಗೇಣೂ ಇರಲಿಲ್ರಿ. ಅಂವ ಎಳೀದ ಇದ್ದಿದ್ರ ಈ ದಾರಾ ಕಟ್ಟಿಸ್ಕೊಳ್ಳಾಕ ನಾ ಇರತಿರಲಿಲ್ಲ."

"ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?"

"ನಿನ್ನೆ ನನಗ ತಾಳಿ ಒಂದ ಕಂಡಿತ್ರಿ. ನೆಲದ ಮ್ಯಾಲ ಬಿದ್ದಿತ್ತು, ಅವರ ಬೂಟಿನ ನಡುವ."

"ಶುಕ್ರವಾರ ಇದನ್ನ ಅಲ್ಲಿ ಹೇಳಬೇಕು."

"ಹೇಳಿದ್ರ ನನ್ನ ತಗೀತಾರ. ಕೆಲಸಕ್ಕ ಸೇರೂಮುಂದ ಒಡವಿ ಹಾಕ್ಕೊಳ್ಳೂದಿಲ್ಲಂತ ಸಹಿ ಮಾಡೇನಲ್ರಿ. ಹೇಳದಿದ್ರ ಅವನ್ನ ತಗೀತಾರ. ನೀವ ಹೇಳ್ರಿ, ಯಾರು ಹೋಗಬೇಕು?"

ಉತ್ತರದ ಬದಲು, ತರಗತಿಯಲ್ಲಿ ಚಾಲಕಿ ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿದೆ. ಆಕೆ ದಾರದ ಗಂಟನ್ನು ಬೆರಳಿನಿಂದ ತಿರುಗಿಸಿದಳು.

"ನನ್ನ ಕೇಳಿದ್ರ ಬಿಚ್ಚಿಡತಿದ್ನೋ ಇಲ್ಲೋ, ಗೊತ್ತಿಲ್ರಿ" ಎಂದಳು. "ಆದ್ರ ಕೇಳಬೇಕಿತ್ರಿ ಅಕ್ಕಾರ. ಕೊರಳು ನಂದು."

ಒಳಗಿನಿಂದ ಅತ್ತೆ ಚಹಾ ಆರುತ್ತದೆಂದು ಕೂಗಿದರು. ನಾವು ಒಳಗೆ ಹೋಗಿ ಕುಡಿದೆವು. ಅದರ ರುಚಿ ನನಗೆ ನೆನಪಿಲ್ಲ.

ಗುರುವಾರ ಬೆಳಿಗ್ಗೆ ಕಂಪನಿಯ ಉಗ್ರಾಣಕ್ಕೆ ಹೋದೆ. ಫೋರ್‌ಮನ್ ಖಾಲಿ ತಂತಿಯ ಸುರುಳಿಗಳನ್ನು ಗಾತ್ರದ ಪ್ರಕಾರ ಜೋಡಿಸುತ್ತಿದ್ದ. ಯಾರಾದರೂ ಹೊಸಬರು ಮಾಡಬೇಕಾದ ಕೆಲಸ. ನನ್ನನ್ನು ಕಂಡು ಕೈಗವಸು ತೆಗೆದ.

"ಮ್ಯಾಮ್, ಆಕೆಯ ಕತ್ತಿಗೆ ಗಾಯವಾಯಿತೇ? ಕೇಳಿದರೆ ಯಾರೂ ಹೇಳುತ್ತಿಲ್ಲ."

"ಗೆರೆ ಎದ್ದಿತ್ತು. ಈಗ ಇಲ್ಲ."

"ಒಳ್ಳೆಯದು." ಒಂದು ಸುರುಳಿಯನ್ನು ಕಾಲಿನಿಂದ ಉರುಳಿಸಿದ. "ನಾನು ಹೊಸಬನಾಗಿದ್ದಾಗ ಒಬ್ಬನ ಮದುವೆಯ ಉಂಗುರ ಇದೇ ಥರ ತಾಗಿತ್ತು. ಉಂಗುರ ಕರಗಿತು. ಬೆರಳು ಹೋಯಿತು. ಕೊರಳಾದರೆ ಏನಾಗುತ್ತಿತ್ತೋ, ನೋಡುವ ಆಸೆ ನನಗಿರಲಿಲ್ಲ."

ನಾನು ಕೇಳಬೇಕಾದದ್ದನ್ನು ಕೇಳಿದೆ. "ಕಲಿಯುವವಳು ಕೈಯಿಟ್ಟ ಪ್ಯಾನೆಲ್‌ನಲ್ಲಿ ವಿದ್ಯುತ್ ಯಾಕಿತ್ತು? ಮೊದಲು ಆರಿಸಿ ಬೀಗ ಹಾಕಬೇಕೆಂಬುದು ಮೊದಲನೆಯ ನಿಯಮವಲ್ಲವೇ?"

ಅವನು ಬಾಗಿಲ ಕಡೆ ನೋಡಿದ. "ಅದನ್ನು ಆರಿಸಿದರೆ ಮೇಲಿನ ಮಹಡಿಯವರ ಯಂತ್ರಗಳೆಲ್ಲ ನಿಲ್ಲುತ್ತವೆ. ಕೆಲಸ ಹಿಂದೆ ಬಿದ್ದಿದೆ, ಆರಿಸಬೇಡ ಅಂತ ಕಂಪನಿಯವರು ಅಂದರು. ನಾನು ಆರಿಸಲಿಲ್ಲ."

"ಹಾಗಾದರೆ ಅದು ನಿಮ್ಮ ತಪ್ಪೂ ಹೌದು."

"ಹೌದು, ಮ್ಯಾಮ್. ಆದರೆ ನಿಮ್ಮ ಕಾಗದದಲ್ಲಿ ಬರೆದಿರುವ ತಪ್ಪು ಅದಲ್ಲವಂತೆ." ಅವನ ದನಿ ಏರಲಿಲ್ಲ. "ನನ್ನಂಥವನ ಹೆಸರಿನ ಪಕ್ಕ ಆ ಪದಗಳು ಬಂದರೆ, ಆಮೇಲೆ ಬೇರೆ ಯಾವುದನ್ನೂ ಯಾರೂ ಓದುವುದಿಲ್ಲ. ನೀವು ಓದಿಕೊಂಡವರು. ನಿಮಗೆ ಹೇಳಬೇಕಾಗಿಲ್ಲ."

ಕಾರಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಸತ್ಯದ ಒಂದು ಭಾಗವನ್ನು ಹೇಳಿದರೆ ಆಕೆಯ ಕಸುಬು ಹೋಗುತ್ತದೆ, ಇನ್ನೊಂದು ಭಾಗವನ್ನು ಮುಚ್ಚಿಟ್ಟರೆ ಅವನದು. ಇಬ್ಬರ ಜಾಗವನ್ನೂ ಉಳಿಸಬಲ್ಲ ಒಂದೇ ಒಂದು ದಾರಿಯಿತ್ತು. ನಿಯಮವನ್ನು ಆಕೆಗೆ ಮುಟ್ಟಿಸಬೇಕಾದವಳು ನಾನು. ಪ್ರಶ್ನೆ ಎದ್ದಾಗ ಅದನ್ನು ಅಡಗಿಸಿದವಳೂ ನಾನು. ತಪ್ಪು ತರಬೇತಿಯದೆಂದು ಸಂಸ್ಥೆಯ ಪರವಾಗಿ ಒಪ್ಪಿಕೊಂಡರೆ, ಆಕೆಯ ಸಹಿಗೆ ಅರ್ಥವಿರುವುದಿಲ್ಲ; ಅವನು ಕೈ ಹಾಕಿದ್ದಕ್ಕೆ ಕಾರಣ ಸಿಗುತ್ತದೆ.

ನಿರ್ದೇಶಕಿಗೆ ಹೇಳಿದಾಗ ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಮ್ಮ ತರಬೇತಿ ಅಸುರಕ್ಷಿತ ಎಂದು ನಾವೇ ಹೇಳಿದರೆ ಯಾವ ಗುತ್ತಿಗೆದಾರ ನಮ್ಮವರನ್ನು ತೆಗೆದುಕೊಳ್ಳುತ್ತಾನೆ? ಅದನ್ನು ಯೋಚಿಸಿದ್ದೀಯಾ?"

"ಯೋಚಿಸಿದ್ದೇನೆ. ಆದರೆ ಆ ಕಾಗದಕ್ಕೆ ನಾನು ಸಹಿ ಹಾಕಲಾರೆ. ನನ್ನ ಅನುವಾದ ಅರ್ಧ ಸತ್ಯ."

"ವಿದ್ಯುತ್ ಆರಿಸದೆ ಬಿಟ್ಟದ್ದು?"

"ಅದನ್ನೂ ಹೇಳುತ್ತೇನೆ."

ಅಂದೇ ಗದಗಿನವಳಿಗೆ ಫೋನ್ ಮಾಡಿ, ಹೀಗೆ ಹೇಳಬೇಕೆಂದಿದ್ದೇನೆ, ಒಪ್ಪಿಗೆಯೇ ಎಂದು ಕೇಳಿದೆ. ಈ ಸಲ ಕೇಳಿದೆ. "ಹೇಳ್ರಿ. ನಾನೂ ಹೇಳ್ತೇನಿ, ನನ್ನ ಇಂಗ್ಲಿಷಿನ್ಯಾಗ. ನಗಬ್ಯಾಡ್ರಿ ಮತ್ತ" ಎಂದಳು.

ಸಭೆ ನಡೆದದ್ದು ಸೈಟಿನ ಟ್ರೇಲರ್ ಕಚೇರಿಯಲ್ಲಿ. ಗುತ್ತಿಗೆದಾರ, ಅವನ ಸುರಕ್ಷತಾ ಅಧಿಕಾರಿ, ಗೋಡೆಗೊರಗಿ ಫೋರ್‌ಮನ್. ಈಚೆ ನಾವು ಮೂವರು. ಗದಗಿನವಳು ಎದ್ದು ನಿಂತು ಫೋರ್‌ಮನ್‌ನ ಕಡೆ ಕೈ ತೋರಿಸಿ, ಒಂದೊಂದೇ ಪದ ಜೋಡಿಸಿ ಹೇಳಿದಳು: ಅವರು ಎಳೆದರು, ನಾನು ಬದುಕಿದೆ, ಸರ ನನ್ನದು. ಕೂತಳು. ಆಮೇಲೆ ನಾನು ತರಬೇತಿಯ ಲೋಪವನ್ನು ಹೇಳಿದೆ. ಕಲಿಯುವವಳನ್ನು ವಿದ್ಯುತ್ ಹರಿಯುತ್ತಿದ್ದ ಪ್ಯಾನೆಲ್ ಮುಂದೆ ನಿಲ್ಲಿಸಿದ್ದು ನಮ್ಮ ಲೋಪಕ್ಕಿಂತ ದೊಡ್ಡ ಅಪರಾಧವೆಂದೂ, ಅದು ಒಬ್ಬ ಫೋರ್‌ಮನ್‌ನ ತೀರ್ಮಾನವಲ್ಲವೆಂದೂ ಹೇಳಿದೆ.

ಸುರಕ್ಷತಾ ಅಧಿಕಾರಿ ಪೆನ್ನು ಕೆಳಗಿಟ್ಟ. ಗುತ್ತಿಗೆದಾರ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. ವ್ಯಾಪಾರ ಗೊತ್ತಿದ್ದವನ ನಗು.

"ಸರಿ. ಸೋಮವಾರದಿಂದ ಈಕೆ ಕೆಲಸಕ್ಕೆ ಬರಲಿ. ನೋಂದಣಿ ಮಾಡಿಸುತ್ತೇನೆ. ಇವನೂ ಸೈಟಿಗೆ ಮರಳಲಿ. ಪ್ಯಾನೆಲ್ಲಿನ ವಿಷಯ ಈ ಕೋಣೆ ದಾಟಕೂಡದು, ಯಾವ ಸರ್ಕಾರಿ ಕಚೇರಿಗೂ ಹೋಗಕೂಡದು." ಬೆರಳಿನಿಂದ ಮೇಜನ್ನು ತಟ್ಟಿದ. "ಮತ್ತೆ, ನಿಮ್ಮ ತರಬೇತಿ ಅರೆಬರೆ ಎಂದು ನೀವೇ ಒಪ್ಪಿದ್ದೀರಿ. ಇನ್ನು ಯಾರನ್ನೂ ನನ್ನ ಹತ್ತಿರ ಕಳಿಸಬೇಡಿ."

ಹೊರಗೆ ಕೆಸರಿನಲ್ಲಿ ನಿಂತು ನಾನೂ ನಿರ್ದೇಶಕಿಯೂ ಮಾತನಾಡಿದೆವು. ಒಪ್ಪದಿದ್ದರೆ ಗದಗಿನವಳ ಜಾಗ ಅಲ್ಲಿಗೇ ಮುಗಿಯುತ್ತಿತ್ತು. ಒಪ್ಪಿದರೆ ಆ ಪ್ಯಾನೆಲ್ ನಾಳೆಯೂ ಹಾಗೆಯೇ ಉರಿಯುತ್ತದೆ, ಅದರ ಮುಂದೆ ಇನ್ನಾರೋ ಬಗ್ಗುತ್ತಾರೆ. ನಿರ್ದೇಶಕಿ "ಆಕೆ ನಿನ್ನ ಕಡೆಯವಳು. ನೀನು ಹೇಳು" ಎಂದಳು. ನಾನು ಒಳಗೆ ಹೋಗಿ ಒಪ್ಪಿಗೆಯೆಂದೆ. ಅಷ್ಟು ವರ್ಷ ಯಾವ ಅನ್ಯಾಯವನ್ನೂ ಹೆಸರಿಸದೆ ಬಿಟ್ಟವಳಲ್ಲ. ಅಂದು ಕಣ್ಣೆದುರಿನ ಒಂದನ್ನು ಹೆಸರಿಸಿದ ಬೆನ್ನಲ್ಲೇ ನುಂಗಿದೆ.

ಸೋಮವಾರ ಬೆಳಿಗ್ಗೆ ಆಕೆಯನ್ನು ಸೈಟಿಗೆ ನಾನೇ ಬಿಟ್ಟೆ. ತಾಳಿ ಬೆಸೆಯಬಲ್ಲ ಅಕ್ಕಸಾಲಿಗ ಹತ್ತಿರದಲ್ಲೆಂದರೆ ನಾಲ್ಕು ಗಂಟೆ ದಾರಿಯ ಅಟ್ಲಾಂಟಾದಲ್ಲಿ. ಅತ್ತೆಗೆ ಆತುರ, ಸೊಸೆಗೆ ಇರಲಿಲ್ಲ. "ಕಸಬಿರೋ ತನಕ ಈ ದಾರಾನ ಇರಲಿ ಅಂದೇನ್ರಿ. ಅತ್ತಿ ಮಾತು ಬಿಟ್ಟಾರ" ಎಂದು ಕಾರಿನಲ್ಲೇ ಹೇಳಿದ್ದಳು. ಫೋರ್‌ಮನ್ ಗೇಟಿನ ಬಳಿ ತಡೆದು ಕೊರಳನ್ನು ತೋರಿಸಲು ಹೇಳಿದ. ಆಕೆ ದಾರವನ್ನು ಎತ್ತಿ ಹಿಡಿದಳು.

"ಏನದು, ಶುಂಠಿಯೇ?"

"ಶುಂಠಿಯ ತಂಗಿ" ಎಂದು ಆಕೆ ತನ್ನ ಇಂಗ್ಲಿಷಿನಲ್ಲಿ ಹೇಳಿದಳು.

"ಲೋಹ?"

"ಇಲ್ಲ."

"ಎಳೆದರೆ ಹರಿಯುತ್ತದೆಯೇ?"

"ನೀನು ಎಳೆಯಬೇಡ."

ಅವನು ಗಂಭೀರವಾಗಿ ತಲೆಯಾಡಿಸಿ, ಗುಂಡಿ ಹಾಕಿಕೊಳ್ಳಲು ಹೇಳಿ, ಮುಂದೆ ನಡೆದ. ಇಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಅದು ನ್ಯಾಯವೇ ಆಗಿತ್ತು.

ಬಸ್ ಚಾಲಕಿ ಅದೇ ಮಧ್ಯಾಹ್ನ, ಮಕ್ಕಳನ್ನು ಇಳಿಸುವ ಪಾಳಿಗೆ ಮೊದಲು, ನಮ್ಮ ಕಚೇರಿಗೆ ಬಂದಳು. ಹಳದಿ ಬಸ್ಸನ್ನು ಎದುರಿನ ಚರ್ಚಿನ ಅಂಗಳದಲ್ಲಿ ನಿಲ್ಲಿಸಿದ್ದಳು. ಗೆಳತಿ ಕೆಲಸಕ್ಕೆ ಮರಳಿದ್ದು ಕೇಳಿ ಖುಷಿಯಾಗಿತ್ತು.

"ಹಾಗಾದರೆ ನಾನು ಯಾವಾಗ ಶುರು ಮಾಡುವುದು?"

ನಡೆದದ್ದನ್ನೆಲ್ಲ ಹೇಳಿದೆ, ಗುತ್ತಿಗೆದಾರನ ಷರತ್ತನ್ನೂ, ನಾನು ಒಪ್ಪಿದ್ದನ್ನೂ. ಆಕೆ ಎದುರಿನ ಕುರ್ಚಿಯಲ್ಲಿ ಕುಳಿತು ಕೊನೆಯವರೆಗೂ ಕೇಳಿದಳು.

"ಆ ಸರದ ಬಗ್ಗೆ ನಾನು ಅವತ್ತೇ ಕೇಳಿದ್ದೆ" ಎಂದಳು.

"ಹೌದು."

"ನೀನು ಸುಮ್ಮನಿರು ಅಂದೆ."

"ಹೌದು."

"ಮತ್ತೆ ಶುಕ್ರವಾರ ನೀನು ಆ ಕೋಣೆಯಲ್ಲಿ ಒಳ್ಳೆಯ ಕೆಲಸ ಮಾಡಿದೆ. ಅವಳಿಗೆ ಜಾಗ ಸಿಕ್ಕಿತು, ಅವನಿಗೂ ಸಿಕ್ಕಿತು. ನನಗೆ ಸಂತೋಷವೇ." ಆಕೆಯ ಕೈಗಳು ಮಡಿಲಲ್ಲಿ ನಿಶ್ಚಲವಾಗಿದ್ದವು. "ಆದರೆ ಕೊಟ್ಟು ಬಂದದ್ದು ನನ್ನ ಸರದಿಯನ್ನು. ನನ್ನನ್ನೊಂದು ಮಾತು ಕೇಳಿದೆಯಾ? ಕೇಳಿದ್ದರೆ ನಾನೂ ಬಹುಶಃ ಕೊಡುತ್ತಿದ್ದೆ. ಗೊತ್ತಿಲ್ಲ. ಕೇಳಲಿಲ್ಲವಲ್ಲ."

ಗದಗಿನವಳನ್ನು ಕೇಳಿದ್ದೆ. ನಿರ್ದೇಶಕಿಯೊಡನೆ ಚರ್ಚಿಸಿದ್ದೆ. ಈಕೆಯ ಮನೆಯಲ್ಲೂ ಫೋನ್ ಇತ್ತು, ನಂಬರ್ ನನಗೆ ಬಾಯಿಪಾಠವಿತ್ತು. ಆ ಕೆಸರಿನಲ್ಲಿ ನಿಂತಿದ್ದಾಗ ಈಕೆಯ ನೆನಪು ಬಂದಿತ್ತು ಕೂಡ. ಬಂದದ್ದನ್ನು ನಾನೇ ಪಕ್ಕಕ್ಕೆ ಸರಿಸಿದ್ದೆ. ಯಾಕೆಂದು ಈಗಲೂ ಪ್ರಾಮಾಣಿಕವಾಗಿ ಹೇಳಲಾರೆ. ಬಹುಶಃ ಆಕೆ ಬೇಡವೆಂದರೆ ಏನು ಮಾಡುವುದೆಂದು ನನಗೆ ತಿಳಿದಿರಲಿಲ್ಲ. ಕ್ಷಮಿಸು ಎಂದೆ. ಆ ಪದ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಆಕೆ ಅದನ್ನು ಎತ್ತಿಕೊಳ್ಳಲಿಲ್ಲ.

"ಬೇರೆ ಗುತ್ತಿಗೆದಾರರು ಇದ್ದಾರಲ್ಲ? ಫೋನ್ ಮಾಡು. ನನ್ನ ಪಾಳಿಗೆ ಇನ್ನೂ ಹೊತ್ತಿದೆ. ನಾನು ಇಲ್ಲೇ ಕೂತಿರುತ್ತೇನೆ."

ನಾನು ಫೋನ್ ಎಳೆದುಕೊಂಡೆ. ಮೊದಲನೆಯವನು ನಮ್ಮ ಸಂಸ್ಥೆಯ ಹೆಸರು ಕೇಳಿದವನೇ ಇಟ್ಟುಬಿಟ್ಟ. ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಎರಡನೆಯವನು ಮುಂದಿನ ವರ್ಷ ನೋಡೋಣ ಎಂದ. ಮೂರನೆಯವನು, ದಕ್ಷಿಣ ಕೆರೊಲಿನಾದ ಗಡಿಯಾಚೆ ಆಸ್ಪತ್ರೆಯೊಂದಕ್ಕೆ ವೈರಿಂಗ್ ಮಾಡುತ್ತಿದ್ದವನು, ಕೇಳಿಸಿಕೊಂಡ. ನಾನು ಆಕೆಯ ತರಗತಿಯ ವಿವರ ಹೇಳತೊಡಗಿದೆ: ಕೊಳವೆ ಬಗ್ಗಿಸುವುದರಲ್ಲಿ ಎಲ್ಲರಿಗಿಂತ ಮುಂದು, ದೊಡ್ಡ ಬಸ್ಸು ಓಡಿಸಿದ ಅನುಭವ, ಒಂದು ದಿನವೂ ತಡವಾಗಿ ಬಂದವಳಲ್ಲ.

"ಅದೆಲ್ಲ ಸರಿ" ಎಂದ ಆತ. "ಏಣಿ ಹೊತ್ತು ಮೇಲೆ ಹತ್ತಬಲ್ಲಳೇ? ಗಂಡಸರ ಬೈಗುಳ ತಡೆದುಕೊಳ್ಳುತ್ತಾಳೆಯೇ?"

ಉತ್ತರಕ್ಕೆ ನಾನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಚಾಲಕಿ ಮೇಜಿನಾಚೆಯಿಂದ ಕೈ ಚಾಚಿ ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಸರ್, ಅದನ್ನು ನನ್ನನ್ನೇ ಕೇಳಿ" ಎಂದಳು.